ಅಪ್ಪನಿಗೆ ಬಂದ ಪಿಎಂ ಕಿಸಾನ್ ದುಡ್ಡು ವಾಪಸ್ ಕಟ್ಟಿ ಅಂತ ನೋಟಿಸ್. ಕಟ್ಟಲೇಬೇಕಾ?

ತೆಂಗಿನತೋಟ
ನಮ್ಮದು ಹಾಸನದ ಕಡೆ ಒಂದು ಹಳ್ಳಿ. ಅಪ್ಪನ ಹೆಸರಿನಲ್ಲಿ ಮೂರು ಎಕರೆ ಚಿಲ್ಲರೆ ಇದೆ. ತೆಂಗು, ಮಳೆಗಾಲದಲ್ಲಿ ಸ್ವಲ್ಪ ಜೋಳ. ಪಿಎಂ ಕಿಸಾನ್ ಶುರುವಾದಾಗಿನಿಂದ ಅವರಿಗೆ ದುಡ್ಡು ಬರುತ್ತಿತ್ತು. 2023ರ ಫೆಬ್ರವರಿಯಲ್ಲಿ ಪ್ರಧಾನಿ ಬೆಳಗಾವಿಗೆ ಬಂದು 13ನೇ ಕಂತು ಬಿಡುಗಡೆ ಮಾಡಿದರಲ್ಲ, ಅದೇ ಕೊನೆ. ಆಮೇಲೆ ನಿಂತುಹೋಯಿತು. ಇಕೆವೈಸಿ ತೊಂದರೆ ಇರಬೇಕು ಅಂತ ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ನೋಟಿಸ್ ಬಂದಿದೆ. ನೀವು ಆದಾಯ ತೆರಿಗೆ ಕಟ್ಟುವವರು, ಆದ್ದರಿಂದ ಅನರ್ಹರು, ಪಡೆದ ₹26,000 ವಾಪಸ್ ಕಟ್ಟಿ ಅಂತ. ಅಪ್ಪ ಜೀವಮಾನದಲ್ಲಿ ತೆರಿಗೆ ಕಟ್ಟಿದವರಲ್ಲ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ನನ್ನ ಸಂಬಳದಲ್ಲಿ ಟಿಡಿಎಸ್ ಹೋಗುತ್ತೆ. ಅದಕ್ಕೇ ಅಪ್ಪನಿಗೆ ನೋಟಿಸ್ ಬಂದಿರಬಹುದಾ? ಕಟ್ಟಬೇಕಾ, ಏನಾದರೂ ಮಾಡಬಹುದಾ? ಅಪ್ಪ ರಾತ್ರಿ ಸರಿಯಾಗಿ ನಿದ್ದೆ ಮಾಡ್ತಿಲ್ಲ.

ರಾಗಿಮುದ್ದೆ
ಕಟ್ಟಿ ಕೈ ತೊಳ್ಕೊಳ್ಳಿ. ಸರ್ಕಾರದ ಜೊತೆ ಯಾಕೆ ಜಗಳ.

ಕೆಂಪುಬಸ್ಸು
ಅದು ಹೇಗೆ ಕಟ್ಟಿಬಿಡೋದು? ಬಾಕಿ ಇಲ್ಲದ ದುಡ್ಡು ಯಾಕೆ ಕಟ್ಟಬೇಕು? ಮಗ ತೆರಿಗೆ ಕಟ್ಟಿದರೆ ಅಪ್ಪನಿಗೆ ನೋಟಿಸ್! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದಹಾಗಾಯ್ತು.

ಪಹಣಿಪುಟ
ಮಗನ ತೆರಿಗೆಗೂ ಅಪ್ಪನ ಪಿಎಂ ಕಿಸಾನ್‌ಗೂ ಸಂಬಂಧ ಇಲ್ಲ. ಈ ಯೋಜನೆಯಲ್ಲಿ ಕುಟುಂಬ ಅಂದ್ರೆ ಗಂಡ, ಹೆಂಡತಿ, 18 ತುಂಬದ ಮಕ್ಕಳು ಅಷ್ಟೇ. ವಯಸ್ಸಿಗೆ ಬಂದ ಮಗ ಎಷ್ಟು ತೆರಿಗೆ ಕಟ್ಟಿದರೂ ಲೆಕ್ಕಕ್ಕೆ ಬರಲ್ಲ. ಆದರೆ ನಿಮ್ಮ ಅಮ್ಮ ತೆರಿಗೆ ಕಟ್ಟುತ್ತಿದ್ದರೆ ಅಪ್ಪನೂ ಅನರ್ಹರು. ಅಮ್ಮ ಟೀಚರ್ ಆಗಿದ್ರಾ?

ಸರ್ಕಾರಿ ನೌಕರರು ಬರಲ್ಲ, ಗ್ರೂಪ್ ಡಿ ಅವರಿಗೆ ವಿನಾಯಿತಿ ಇದೆ. ತಿಂಗಳಿಗೆ 10,000 ಅಥವಾ ಜಾಸ್ತಿ ಪೆನ್ಷನ್ ಇರೋರು ಬರಲ್ಲ. ವೃತ್ತಿಯಲ್ಲಿರೋ ಡಾಕ್ಟರು, ಎಂಜಿನಿಯರು, ವಕೀಲರು, ಸಿಎಗಳು ಬರಲ್ಲ. ಹಿಂದಿನ ತೆರಿಗೆ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರು ಬರಲ್ಲ. ನಿಮ್ಮ ನೋಟಿಸ್‌ನಲ್ಲಿ ಇರೋದು ಈ ಕೊನೇದು. ಅಂದ್ರೆ ಅಪ್ಪನ ಪ್ಯಾನ್‌ನಲ್ಲೇ ಏನೋ ಆಗಿದೆ. ಅಪ್ಪನ ಹೆಸರಿನಲ್ಲಿ ಯಾರಾದರೂ ರಿಟರ್ನ್ ಹಾಕಿದ್ದಾರಾ ಮೊದಲು ನೋಡಿ.

ತೆಂಗಿನತೋಟ
@ಪಹಣಿಪುಟ ಅಮ್ಮ ಮನೆಯಲ್ಲೇ ಇರೋದು ಸಾರ್. ಅಪ್ಪನ ಪ್ಯಾನ್ ಹಾಕಿ ನೋಡ್ತೀನಿ.

ಚುರುಮುರಿ
ನಮ್ಮೂರಲ್ಲಿ ಜಮೀನು ಮಗನ ಹೆಸರಿಗೆ ಬಂದಿದ್ದಕ್ಕೆ ನಿಂತುಹೋಯ್ತು. 1 ಫೆಬ್ರವರಿ 2019ಕ್ಕೆ ಪಹಣಿ ಯಾರ ಹೆಸರಲ್ಲಿತ್ತೋ ಅವರಿಗೇ ದುಡ್ಡು ಅಂತೆ. ಹೌದಾ?

ಪಹಣಿಪುಟ
@ಚುರುಮುರಿ ಹೌದು. ಆ ತಾರೀಕಿನ ನಂತರದ ಐದು ವರ್ಷ ಪಾಲು ಮಾಡಿಕೊಂಡರೂ, ಕೊಂಡರೂ, ದಾನಪತ್ರ ಮಾಡಿದರೂ ಹೊಸಬರಿಗೆ ಇಲ್ಲ ಅಂತ ನಿಯಮ ಮಾಡಿದ್ದರು. ಪೌತಿ ಖಾತೆಗೆ ಮಾತ್ರ ವಿನಾಯಿತಿ. ಅಂದ್ರೆ ಅಪ್ಪ ತೀರಿಕೊಂಡು ಮಗನ ಹೆಸರಿಗೆ ಬಂದಿದ್ದರೆ ತೊಂದರೆ ಇಲ್ಲ.

ಚುರುಮುರಿ
ಬದುಕಿರೋವಾಗಲೇ ಮಗನಿಗೆ ಬರೆದುಕೊಟ್ಟರೆ ಇಲ್ಲ, ಸತ್ತ ಮೇಲೆ ಬಂದರೆ ಇದೆ. ಭಾರಿ ನ್ಯಾಯ.

ತೆಂಗಿನತೋಟ
ಸಿಕ್ಕಿತು! ಅಪ್ಪನ ಪ್ಯಾನ್‌ನಲ್ಲಿ ಒಂದೇ ಒಂದು ರಿಟರ್ನ್ ಇದೆ. 2021-22ರದ್ದು. ಟಿಲ್ಲರ್ ಸಾಲಕ್ಕೆ ಓಡಾಡ್ತಿದ್ದಾಗ ಟೌನಿನ ಏಜೆಂಟ್ ಒಬ್ಬ, ಐಟಿಆರ್ ಇದ್ದರೆ ಸಾಲ ಬೇಗ ಆಗುತ್ತೆ ಅಂತ ಹಾಕಿಸಿದ್ದನಂತೆ. ₹4,60,000 ಆದಾಯ ತೋರಿಸಿದ್ದಾನೆ, ವ್ಯಾಪಾರದ ಆದಾಯ ಅಂತ. ಅಪ್ಪ ಯಾವ ವ್ಯಾಪಾರ ಮಾಡ್ತಾರೋ ಆ ದೇವರಿಗೇ ಗೊತ್ತು. ಕಟ್ಟಬೇಕಾದ ತೆರಿಗೆ ಅನ್ನೋ ಜಾಗದಲ್ಲಿ ಸೊನ್ನೆ ಇದೆ.

ರಾಗಿಮುದ್ದೆ
ನೋಡಿದ್ರಾ. ಸಾಲ ಬೇಕಾದಾಗ ಶ್ರೀಮಂತರು, ಸಬ್ಸಿಡಿ ಬೇಕಾದಾಗ ಬಡವರು.

ಕೆಂಪುಬಸ್ಸು
@ರಾಗಿಮುದ್ದೆ ರೈತನಿಗೆ ಸಾಲ ಕೊಡೋಕೆ ಐಟಿಆರ್ ಕೇಳಿದ್ದು ಯಾರು ಸ್ವಾಮಿ? ಪಹಣಿ ನೋಡಿ ಕೊಟ್ಟಿದ್ದರೆ ಈ ಗೋಳೇ ಇರ್ತಿರಲಿಲ್ಲ.

ಖಾತೆಕಿರ್ದಿ
ರಿಟರ್ನ್ ಹಾಕಿಕೊಡೋದು ನನ್ನ ಕಸುಬು. ಇಂಥವು ಈಗ ತುಂಬಾ ಬರ್ತಿವೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ರಿಟರ್ನ್ ಹಾಕೋದು ಬೇರೆ, ತೆರಿಗೆ ಕಟ್ಟೋದು ಬೇರೆ. ಪಿಎಂ ಕಿಸಾನ್ ನಿಯಮದಲ್ಲಿ ಇರೋದು ತೆರಿಗೆ ಕಟ್ಟಿದವರು ಅಂತ. ರಿಟರ್ನ್ ಹಾಕಿದವರು ಅಂತ ಅಲ್ಲ. ನಿಮ್ಮ ಅಪ್ಪನಿಗೆ ಆಗ 60 ದಾಟಿತ್ತಾ? ದಾಟಿದ್ದರೆ ಹಳೇ ಲೆಕ್ಕದಲ್ಲಿ ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ. ಉಳಿದ 1,60,000ಕ್ಕೆ ಶೇ 5, ಅಂದ್ರೆ ₹8,000. ಒಟ್ಟು 5 ಲಕ್ಷದ ಒಳಗೆ ಇರೋದರಿಂದ 87ಎ ರಿಯಾಯಿತಿಯಲ್ಲಿ ಆ 8,000 ಪೂರ್ತಿ ಹೋಗುತ್ತೆ. ಅದಕ್ಕೇ ಸೊನ್ನೆ. ಅಪ್ಪನ ಜೇಬಿನಿಂದ ಸರ್ಕಾರಕ್ಕೆ ಒಂದು ಪೈಸೆ ತೆರಿಗೆ ಹೋಗಿಲ್ಲ.

ಮೂರು ಕಾಗದ ತೆಗೀರಿ. ಐಟಿಆರ್ ಸ್ವೀಕೃತಿ, ಆದಾಯದ ಲೆಕ್ಕದ ಹಾಳೆ, ಆ ವರ್ಷದ 26ಎಎಸ್ (ಆ ಪ್ಯಾನ್‌ನಲ್ಲಿ ಜಮೆ ಆದ ತೆರಿಗೆ ತೋರಿಸೋ ಹಾಳೆ). 26ಎಎಸ್‌ನಲ್ಲಿ ತೆರಿಗೆ ಕಟ್ಟಿದ್ದೂ ಕಾಣಬಾರದು, ಟಿಡಿಎಸ್ಸೂ ಕಾಣಬಾರದು. ಎರಡೂ ಇಲ್ಲದಿದ್ದರೆ ನಿಮ್ಮ ಕೇಸು ಗಟ್ಟಿ.

ಇನ್ನೊಂದು. ರಿಟರ್ನ್ ಇರೋದು ಒಂದೇ ವರ್ಷದ್ದು. 26,000 ಅಂದ್ರೆ ಮೊದಲ ಕಂತಿನಿಂದ 13ರವರೆಗೆ ಎಲ್ಲಾ ಸೇರಿಸಿದ್ದಾರೆ. 2019ರ ಕಂತು ಯಾವ ಲೆಕ್ಕದಲ್ಲಿ ವಾಪಸ್ ಕೇಳ್ತಿದ್ದಾರೆ? ಅದನ್ನೂ ಬರವಣಿಗೆಯಲ್ಲೇ ಕೇಳಿ.

ತೆಂಗಿನತೋಟ
ಆಗ ಅಪ್ಪನಿಗೆ 63. ನೀವು ಹೇಳಿದ 8,000 ಸರಿಯಾಗಿ ಹಾಳೆಯಲ್ಲಿದೆ, ಅದರ ಕೆಳಗೇ 87ಎ ಅಂತ ಕಳೆದಿದ್ದಾರೆ! ತುಂಬಾ ಥ್ಯಾಂಕ್ಸ್.

ಅಡಿಕೆಸಿಪ್ಪೆ
ಯಾರೂ ಏನೂ ಕಟ್ಟಬೇಡಿ. ಸುಪ್ರೀಂ ಕೋರ್ಟ್ ಹೇಳಿಯಾಗಿದೆ, ಸರ್ಕಾರ ತಪ್ಪಾಗಿ ಕೊಟ್ಟ ದುಡ್ಡನ್ನ ವಾಪಸ್ ಕೇಳೋ ಹಾಗಿಲ್ಲ ಅಂತ. ವಾಟ್ಸಾಪ್‌ನಲ್ಲಿ ಜಡ್ಜ್‌ಮೆಂಟ್ ಬಂದಿತ್ತು, ಹುಡುಕಿ ಹಾಕ್ತೀನಿ.

ಕಟಕಟೆ
@ಅಡಿಕೆಸಿಪ್ಪೆ ದಯವಿಟ್ಟು ಹಾಗೆ ಹೇಳಿ ಜನರನ್ನ ಹಳ್ಳಕ್ಕೆ ಕೆಡವಬೇಡಿ. ನೀವು ಹೇಳ್ತಿರೋದು ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಕೇಸು, 2014ರ ಡಿಸೆಂಬರ್‌ನ ತೀರ್ಪು. ಅದು ನೌಕರರಿಗೆ ಜಾಸ್ತಿ ಕೊಟ್ಟ ಸಂಬಳದ ಬಗ್ಗೆ. ಮೂರು ಮತ್ತು ನಾಲ್ಕನೇ ದರ್ಜೆಯವರಿಂದ, ನಿವೃತ್ತರಿಂದ, ಒಂದು ವರ್ಷದೊಳಗೆ ನಿವೃತ್ತಿ ಆಗೋರಿಂದ, ಐದು ವರ್ಷಕ್ಕಿಂತ ಜಾಸ್ತಿ ಕಾಲ ಕೊಟ್ಟಿದ್ದರೆ, ಇಂಥ ಕೆಲವು ಸಂದರ್ಭದಲ್ಲಿ ವಸೂಲಿ ಮಾಡಬಾರದು ಅಂದರು. 2022ರಲ್ಲಿ ಕೇರಳದ ಥಾಮಸ್ ಡೇನಿಯಲ್ ಕೇಸಿನಲ್ಲೂ ಅದೇ ದಾರಿ. ಅಲ್ಲೂ ಕೋರ್ಟ್ ಹೇಳಿದ್ದು, ಇದು ನೌಕರನ ಹಕ್ಕಲ್ಲ, ಕಷ್ಟ ನೋಡಿ ಕೊಡೋ ಪರಿಹಾರ ಅಂತ.

ಪಿಎಂ ಕಿಸಾನ್‌ಗೆ ಅರ್ಜಿ ಹಾಕುವಾಗ ನಾನು ಅನರ್ಹರ ಪಟ್ಟಿಯಲ್ಲಿ ಬರಲ್ಲ ಅಂತ ಸ್ವಯಂ ಘೋಷಣೆ ಕೊಟ್ಟಿರ್ತೀರಿ. ನಿಜವಾಗಲೂ ತೆರಿಗೆ ಕಟ್ಟುತ್ತಾ ದುಡ್ಡು ತಗೊಂಡಿದ್ದರೆ ಈ ತೀರ್ಪು ಹಿಡ್ಕೊಂಡು ಹೋಗಿ ಪ್ರಯೋಜನ ಇಲ್ಲ. ಕಟ್ಟೋದೇ ವಾಸಿ. ತೆಂಗಿನತೋಟ ಅವರದು ಬೇರೆ. ಅವರು ಅನರ್ಹರೇ ಅಲ್ಲ ಅನ್ನೋದು ವಾದ.

ಅಡಿಕೆಸಿಪ್ಪೆ
ಸರಿ ಬಿಡಿ ವಕೀಲ್ರೇ. ಆದ್ರೂ ನಾನಂತೂ ಕಟ್ಟಲ್ಲ.

ಕಟಕಟೆ
ನಿಮಗೂ ನೋಟಿಸ್ ಬಂದಿದೆಯಾ?

ಅಡಿಕೆಸಿಪ್ಪೆ
ಇಲ್ಲ.

ರಾಗಿಮುದ್ದೆ
😂😂

ಬೆಳ್ಳಿಗೆಜ್ಜೆ
ನೌಕರರ ತೀರ್ಪು ಅಂದ್ರಲ್ಲ, ನಮ್ಮಮ್ಮನ ವಿಷಯ ಕೇಳಬೇಕಿತ್ತು. ಅಪ್ಪ ಕೇಂದ್ರ ಸರ್ಕಾರದ ಕೆಲಸದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. 2012ರಲ್ಲಿ ತೀರಿಕೊಂಡರು. ಅಮ್ಮನಿಗೆ ಕುಟುಂಬ ಪಿಂಚಣಿ ಬರ್ತಿದೆ. ಈಗ ಬ್ಯಾಂಕಿನವರು, ನಿಮಗೆ ಇಷ್ಟು ವರ್ಷ ಜಾಸ್ತಿ ಕೊಟ್ಟುಬಿಟ್ಟಿದ್ದೇವೆ ಅಂತ ನಾಲ್ಕು ಲಕ್ಷದ ಮೇಲೆ ಕೇಳ್ತಿದ್ದಾರೆ. ಒಂದು ಕಾಗದ ಕೂಡ ಕೊಡದೆ ತಿಂಗಳ ಪಿಂಚಣಿಯಲ್ಲಿ ಹಿಡಿಯೋಕೆ ಶುರುಮಾಡಿದ್ದಾರೆ. ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ಮಾತ್ರೆಗೇ ಅರ್ಧ ದುಡ್ಡು ಹೋಗುತ್ತೆ.

ನಿವೃತ್ತಗುಮಾಸ್ತ
ಅಮ್ಮನ ಪಿಪಿಒ ಪುಸ್ತಕ, ಅಂದ್ರೆ ಪಿಂಚಣಿ ಆದೇಶದ ಪುಸ್ತಕ, ತೆಗೆದು ನೋಡಮ್ಮ. ಅದರಲ್ಲಿ ಕುಟುಂಬ ಪಿಂಚಣಿ ಎರಡು ದರದಲ್ಲಿ ಬರೆದಿರ್ತಾರೆ. ಒಂದು ಹೆಚ್ಚಿನ ದರ, ಅದರ ಪಕ್ಕ ಇಂಥ ತಾರೀಕಿನವರೆಗೆ ಅಂತ. ಇನ್ನೊಂದು ಸಾಮಾನ್ಯ ದರ. ಕೇಂದ್ರದ ನಿಯಮದಲ್ಲಿ ನಿವೃತ್ತಿ ಆದಮೇಲೆ ತೀರಿಕೊಂಡರೆ ಏಳು ವರ್ಷ, ಅಥವಾ ಅವರು ಬದುಕಿದ್ದರೆ 67 ತುಂಬುತ್ತಿದ್ದ ದಿನ, ಯಾವುದು ಮೊದಲೋ ಅಲ್ಲಿವರೆಗೆ ಹೆಚ್ಚಿನ ದರ. ಆಮೇಲೆ ಕೊನೆಯ ಸಂಬಳದ ಶೇ 30ಕ್ಕೆ ಇಳೀಬೇಕು. ಬ್ಯಾಂಕ್ ಆ ತಾರೀಕು ಮರೆತಿರುತ್ತೆ. ನೂರಕ್ಕೆ ತೊಂಬತ್ತು ಕೇಸು ಇದೇ.

ಬೆಳ್ಳಿಗೆಜ್ಜೆ
ನೋಡಿದೆ ಅಂಕಲ್. ಹಾಗೇ ಇದೆ. 2017ಕ್ಕೆ ಇಳೀಬೇಕಿತ್ತು. ಇಳಿಸಿಲ್ಲ. ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಬಂದಷ್ಟು ತಗೊಂಡಿದ್ದಾರೆ.

ಕಟಕಟೆ
@ಬೆಳ್ಳಿಗೆಜ್ಜೆ ನಿಮ್ಮ ಕೇಸಿಗೆ ರಫೀಕ್ ಮಸೀಹ್ ತೀರ್ಪು ಉಪಯೋಗಕ್ಕೆ ಬರಬಹುದು. ಗುಮಾಸ್ತರ ಹುದ್ದೆ, ವಿಧವೆ, ಐದು ವರ್ಷಕ್ಕಿಂತ ಜಾಸ್ತಿ, ತಪ್ಪು ಪೂರ್ತಿ ಬ್ಯಾಂಕಿನದು. ಅಡ್ಡಿ ಒಂದೇ. ಪಿಂಚಣಿ ಖಾತೆ ತೆಗೆಯುವಾಗ, ಜಾಸ್ತಿ ಬಂದರೆ ವಾಪಸ್ ಕೊಡ್ತೀನಿ ಅಂತ ಒಂದು ಮುಚ್ಚಳಿಕೆಗೆ ಸಹಿ ಹಾಕಿಸಿರ್ತಾರೆ. 2016ರ ಜಗದೇವ್ ಸಿಂಗ್ ಕೇಸಿನಲ್ಲಿ, ಮುಚ್ಚಳಿಕೆ ಕೊಟ್ಟವನು ಅದಕ್ಕೆ ಬದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಬ್ಯಾಂಕು ಅದನ್ನೇ ಹಿಡಿದು ಕೂರುತ್ತೆ. ಆದರೆ ಆ ಕೇಸಿನವರು ದೊಡ್ಡ ಹುದ್ದೆಯ ಅಧಿಕಾರಿ. ನಿಮ್ಮಮ್ಮನಂಥವರ ಪರವಾಗಿ ವಾದ ಮಾಡೋಕೆ ಜಾಗ ಇದೆ.

ಮೊದಲು ಬ್ಯಾಂಕಿಗೆ ಪತ್ರ ಕೊಡಿ. ತಿಂಗಳುವಾರು ಲೆಕ್ಕ ಕೊಡಿ, ಮುಚ್ಚಳಿಕೆಯ ನಕಲು ಕೊಡಿ, ಪಿಂಚಣಿ ಮಂಜೂರು ಮಾಡಿದ ಇಲಾಖೆ ವಸೂಲಿಗೆ ಹೇಳಿದ್ದರೆ ಆ ಆದೇಶ ಕೊಡಿ, ಅಲ್ಲಿಯವರೆಗೆ ಹಿಡಿಯೋದು ನಿಲ್ಲಿಸಿ ಅಂತ. ವಸೂಲಿ ಹೇಗೆ ಮಾಡಬೇಕು ಅನ್ನೋದನ್ನ ಆ ಇಲಾಖೆಯನ್ನ ಕೇಳಿಕೊಂಡು ಮಾಡಿ ಅಂತ ರಿಸರ್ವ್ ಬ್ಯಾಂಕ್ 2021ರ ಜನವರಿಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಕೇಂದ್ರದ ಪಿಂಚಣಿ ಆದ್ದರಿಂದ ಸಿಪಿಇಎನ್‌ಗ್ರಾಮ್ಸ್ ಅನ್ನೋ ಪಿಂಚಣಿ ದೂರಿನ ಪೋರ್ಟಲ್‌ನಲ್ಲಿ ದೂರು ಕೂಡ ಹಾಕಿ.

ವಕೀಲರ ಫೀಸಿಗೆ ಹೆದರಬೇಡಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತವಾಗಿ ವಕೀಲರನ್ನ ಕೊಡ್ತಾರೆ.

ಬೆಳ್ಳಿಗೆಜ್ಜೆ
ಆದಾಯ ನೋಡಲ್ವಾ? ಇದು ಗೊತ್ತೇ ಇರಲಿಲ್ಲ.

ನಿವೃತ್ತಗುಮಾಸ್ತ
ವಕೀಲರು ಹೇಳಿದ್ದು ಸರಿ. ನನ್ನದೊಂದು ಕಿವಿಮಾತು. 2017ರಿಂದ ಇಲ್ಲಿವರೆಗಿನದು ಗೆದ್ದರೂ, ಇನ್ನು ಮುಂದೆ ಸರಿಯಾದ ದರವೇ ಬರೋದು. ಮನೆ ಖರ್ಚು ಆ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಯಾರಾಮೆಲ್ಬರ್ನ್
ಈ ಚರ್ಚೆ ಓದಿ ಇಲ್ಲಿನ ರೋಬೋಡೆಟ್ ನೆನಪಾಯ್ತು. ಆಸ್ಟ್ರೇಲಿಯಾ ಸರ್ಕಾರ ಭತ್ಯೆ ತಗೊಂಡವರ ವರ್ಷದ ಆದಾಯವನ್ನ ತೆರಿಗೆ ಇಲಾಖೆಯಿಂದ ತರಿಸಿ, ಎರಡೆರಡು ವಾರದ 26 ಸಮ ಭಾಗ ಮಾಡಿ, ನೀವು ಜಾಸ್ತಿ ತಗೊಂಡಿದ್ದೀರಿ ಅಂತ ಕಂಪ್ಯೂಟರಿನಿಂದಲೇ ನೋಟಿಸ್ ಕಳಿಸಿತು. ಆರು ತಿಂಗಳು ಕೆಲಸ ಇಲ್ಲದೆ ಭತ್ಯೆ ತಗೊಂಡು, ಆಮೇಲೆ ಕೆಲಸ ಸಿಕ್ಕವನೂ ವರ್ಷ ಪೂರ್ತಿ ದುಡಿದ ಹಾಗೆ ಲೆಕ್ಕ. ಸಾಲ ಇಲ್ಲ ಅಂತ ಜನರೇ ತೋರಿಸಬೇಕಿತ್ತು. 4 ಲಕ್ಷಕ್ಕೂ ಜಾಸ್ತಿ ಜನರಿಗೆ ಹೊಡೆತ. ಕೊನೆಗೆ ಕಾನೂನಿಗೆ ವಿರುದ್ಧ ಅಂತ ಆಗಿ, 2020ರಲ್ಲಿ 72 ಕೋಟಿ ಡಾಲರ್ ವಾಪಸ್ ಕೊಡ್ತೀವಿ ಅಂದರು. 2023ರಲ್ಲಿ ರಾಯಲ್ ಕಮಿಷನ್ ವರದಿ ಸರ್ಕಾರವನ್ನ ಸರಿಯಾಗಿ ಝಾಡಿಸಿತು.

ಚುರುಮುರಿ
ಅಲ್ಲೂ ಇದೇ ಕಥೆನಾ? ನಾವು ನಮ್ಮ ಪೋರ್ಟಲ್ ಮಾತ್ರ ಹಾಗೆ ಅಂದ್ಕೊಂಡಿದ್ವಿ.

ರಾಗಿಮುದ್ದೆ
ಎಲ್ಲಾ ಸರಿ, ಆದ್ರೆ ನಿಜವಾಗಲೂ ತಿಂದೋರನ್ನ ಯಾರೂ ಕೇಳಲ್ವಾ? 2021ರಲ್ಲಿ ಆರ್‌ಟಿಐ ಉತ್ತರ ಬಂದಿತ್ತು. ದೇಶದಲ್ಲಿ 20 ಲಕ್ಷಕ್ಕೂ ಜಾಸ್ತಿ ಅನರ್ಹರಿಗೆ 1,364 ಕೋಟಿ ಪಿಎಂ ಕಿಸಾನ್ ದುಡ್ಡು ಹೋಗಿತ್ತು. ಅರ್ಧಕ್ಕಿಂತ ಜಾಸ್ತಿ ಜನ ತೆರಿಗೆ ಕಟ್ಟೋರು. ನಮ್ಮೂರಲ್ಲೇ ಎರಡು ಕಾರು ಇರೋರು ವರ್ಷಕ್ಕೆ ಆರು ಸಾವಿರಕ್ಕೆ ಕೈ ಚಾಚಿದರು. ಆ ದುಡ್ಡು ವಸೂಲಿ ಮಾಡಬಾರದಾ?

ಕೆಂಪುಬಸ್ಸು
ಮಾಡಲಿ. ಬೇಡ ಅಂದವರು ಯಾರು? ಆದರೆ 2019ರಲ್ಲಿ ಚುನಾವಣೆ ಹತ್ರ ಬಂದಾಗ ತರಾತುರಿಯಲ್ಲಿ ಮೊದಲು ದುಡ್ಡು ಹಾಕಿ, ಆಮೇಲೆ ಪಟ್ಟಿ ನೋಡಿದ್ದು ಯಾರು? ಮೊದಲೇ ಪ್ಯಾನ್ ತಾಳೆ ನೋಡಿದ್ದರೆ ಸಾಕಿತ್ತು.

ರಾಗಿಮುದ್ದೆ
ರಾಜಕೀಯ ಬೇಡ.

ಕೆಂಪುಬಸ್ಸು
ಕೈ ಚಾಚಿದರು ಅಂದವರು ನೀವು. ರಾಜಕೀಯ ಮಾತ್ರ ನನ್ನದು!

ಹಿತ್ತಲಗಿಡ
ಗೃಹಲಕ್ಷ್ಮಿಯಲ್ಲೂ ಇದೇ ಆಗ್ತಿದೆ. ಹೆಂಡತಿ ಅಥವಾ ಗಂಡ ತೆರಿಗೆ ಕಟ್ಟಿದರೆ, ಜಿಎಸ್‌ಟಿ ರಿಟರ್ನ್ ಹಾಕಿದರೆ ತಿಂಗಳ 2,000 ಇಲ್ಲ. ನಮ್ಮ ಅತ್ತಿಗೆ ಟೈಲರಿಂಗ್ ಮಾಡ್ತಾರೆ, ಜಿಎಸ್‌ಟಿ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಪಟ್ಟಿಯಲ್ಲಿ ಜಿಎಸ್‌ಟಿ ಅಂತ ಬಂದಿದೆ. ಯಾರೋ ಅವರ ಪ್ಯಾನ್ ಉಪಯೋಗಿಸಿದ್ದಾರಾ ಅಂತ ಭಯ.

ಖಾತೆಕಿರ್ದಿ
@ಹಿತ್ತಲಗಿಡ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕೋಕೆ ಬರುತ್ತೆ, ಲಾಗಿನ್ ಬೇಡ. ಆ ಪ್ಯಾನ್‌ಗೆ ಯಾವ ನಂಬರ್ ಇದೆ ಅಂತ ತೋರಿಸುತ್ತೆ. ಏನೂ ಇಲ್ಲದಿದ್ದರೆ ಅದರ ಪ್ರಿಂಟ್ ತಗೊಂಡು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಹೋಗಿ. ಗೊತ್ತಿಲ್ಲದ ನಂಬರ್ ಇದ್ದರೆ ತಡಮಾಡದೆ ದೂರು ಕೊಡಿ, ಅದು ಗೃಹಲಕ್ಷ್ಮಿಗಿಂತ ದೊಡ್ಡ ತಲೆನೋವು.

ಸೋಗೆಮನೆ
ಅಜ್ಜಿಗೆ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿ ತಿಂಗಳಿಗೆ 1,200 ಬರ್ತಿತ್ತು. ತೀರಿಕೊಂಡ ಮೇಲೂ ಕೆಲವು ತಿಂಗಳು ಜಮೆ ಆಗಿದೆ. ಚಿಕ್ಕಪ್ಪ ಎಟಿಎಂನಲ್ಲಿ ತೆಗೆದು ತಿಥಿಗೆ ಖರ್ಚು ಮಾಡಿದ್ದಾರೆ. ಈಗ ನಾಡಕಚೇರಿಗೆ ಕರೆದಿದ್ದಾರೆ. ಪೊಲೀಸ್ ಕೇಸ್ ಆಗುತ್ತಾ?

ಪಹಣಿಪುಟ
@ಸೋಗೆಮನೆ ಸಾಯೋವರೆಗೆ ಬಂದಿದ್ದು ಅಜ್ಜಿಯದು, ವಾರಸುದಾರರಿಗೆ ಸೇರುತ್ತೆ. ಆಮೇಲೆ ಬಂದಿದ್ದು ಸರ್ಕಾರದ್ದು, ಅದರಲ್ಲಿ ವಾದ ಇಲ್ಲ. ಚಿಕ್ಕಪ್ಪನಿಗೆ ಹೇಳಿ, ಮರಣ ಪ್ರಮಾಣಪತ್ರ ಮತ್ತು ಪಾಸ್‌ಬುಕ್ ತಗೊಂಡು ಹೋಗಿ, ಸತ್ತ ದಿನದ ನಂತರದ ಜಮೆ ಇಷ್ಟೇ ಅಂತ ತೋರಿಸಿ, ಅಷ್ಟನ್ನ ಚಲನ್‌ನಲ್ಲಿ ಕಟ್ಟಿ ರಸೀದಿ ಇಟ್ಕೊಳ್ಳಲಿ. ಕೈಯಲ್ಲಿ ನಗದು ಕೊಡಬೇಡಿ. ತಾವಾಗಿ ಹೋಗಿ ಕಟ್ಟಿದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತೆ.

ಮಿಸ್ಡ್‌ಕಾಲ್
ಎಲ್ಲರೂ ಹುಷಾರು. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಎಪಿಕೆ ಫೈಲ್ (ಆ್ಯಪ್ ಹಾಕೋ ಫೈಲ್) ಬರುತ್ತೆ. ಒತ್ತಿದರೆ ಫೋನ್ ಅವರ ಕೈಗೆ. ದುಡ್ಡು ವಾಪಸ್ ಕಟ್ಟಬೇಕಾದವರು ಪಿಎಂ ಕಿಸಾನ್ ವೆಬ್‌ಸೈಟಿನಲ್ಲೇ ರಿಫಂಡ್ ಅಂತ ಇದೆ, ಅಲ್ಲಿ ಆಧಾರ್ ಹಾಕಿ ನೋಡಿ. ಕಟ್ಟಬೇಕಾದ್ದು ಏನೂ ಇಲ್ಲದಿದ್ದರೆ ಹಾಗಂತ ತೋರಿಸುತ್ತೆ. ಯಾರದೋ ಫೋನ್‌ಪೇ ನಂಬರಿಗೆ ಹಾಕಬೇಡಿ, ಅವರು ಸಾಹೇಬ್ರ ಕಡೆಯೋರು ಅಂದ್ರೂ.

ತೆಂಗಿನತೋಟ
ನೋಟಿಸ್ ಕಳಿಸಿದ ಆಫೀಸಿಗೆ ಹೋಗಿ ಬಂದೆವು. ಅಲ್ಲಿದ್ದವರು ಮೊದಲು, ಪಟ್ಟಿ ಮೇಲಿಂದ ಬಂದಿದ್ದು, ನಮ್ಮ ಕೈಲಿ ಏನೂ ಇಲ್ಲ ಅಂದರು. 87ಎ ಇರೋ ಹಾಳೆ ತೋರಿಸಿದ ಮೇಲೆ ಸ್ವಲ್ಪ ಮೆತ್ತಗಾದರು. ಅರ್ಜಿ ತಗೊಂಡು ಜಿಲ್ಲೆಗೆ ಕಳಿಸ್ತೀವಿ ಅಂದರು. ನಕಲಿನ ಮೇಲೆ ಸೀಲ್ ಹಾಕಿ ತಾರೀಕು ಬರೆಸಿಕೊಂಡೆ. 2019ರ ಕಂತು ಯಾಕೆ ಸೇರಿಸಿದ್ರಿ ಅಂದಿದ್ದಕ್ಕೆ ಉತ್ತರ ಇಲ್ಲ. ಅಪ್ಪ ಮಾತ್ರ ಹೊರಗೆ ಬಂದ ತಕ್ಷಣ, ಕಟ್ಟಿಬಿಡೋಣ ಕಣೋ, ಊರೋರು ಏನಂತಾರೆ ಅಂತ ಶುರುಮಾಡಿದರು.

ಕಟಕಟೆ
ಉತ್ತರ ಬರೋವರೆಗೆ ಕಟ್ಟಬೇಡಿ. ಕಟ್ಟಿದ ದುಡ್ಡು ವಾಪಸ್ ತೆಗೆಯೋದು ಇನ್ನೂ ಕಷ್ಟ. ಸುಮ್ನೆ ಕೂತರೆ ಫೈಲು ಅಲ್ಲೇ ಇರುತ್ತೆ, ಹತ್ತು ರೂಪಾಯಿಯ ಆರ್‌ಟಿಐ ಹಾಕಿ. ಯಾವ ವರ್ಷದ ತೆರಿಗೆ ಮಾಹಿತಿ ಮೇಲೆ ಅನರ್ಹ ಮಾಡಿದ್ರಿ, ಕಂತುವಾರು ಲೆಕ್ಕ ಏನು, ಅರ್ಜಿ ಮೇಲೆ ಏನು ಕ್ರಮ ಅಂತ. 30 ದಿನದಲ್ಲಿ ಉತ್ತರ ಕೊಡಬೇಕು.

ಖಾತೆಕಿರ್ದಿ
ರಾಜ್ಯ ಸರ್ಕಾರ ವರ್ಷಕ್ಕೆ 4,000 ಸೇರಿಸಿ ಕೊಡ್ತಿತ್ತಲ್ಲ, 2023ರಲ್ಲಿ ನಿಂತಿದ್ದು, ಅದರ ಜಮೆಗಳೂ ಪಾಸ್‌ಬುಕ್‌ನಲ್ಲಿ 2,000 ಅಂತಲೇ ಇರುತ್ತೆ. ಲೆಕ್ಕ ತಾಳೆ ನೋಡುವಾಗ ಅವನ್ನ ಇದರ ಜೊತೆ ಕಲಸಬೇಡಿ. ಆ ಏಜೆಂಟ್ ಹತ್ರ ಅಪ್ಪನ ಐಟಿ ಪೋರ್ಟಲ್ ಪಾಸ್‌ವರ್ಡ್ ಇನ್ನೂ ಇದ್ದರೆ ಇವತ್ತೇ ಬದಲಾಯಿಸಿ.

ತೆಂಗಿನತೋಟ
ಬದಲಾಯಿಸಿದೆ. ಇಮೇಲೂ ಫೋನ್ ನಂಬರೂ ಅವನದೇ ಕೊಟ್ಟಿದ್ದ, ಪುಣ್ಯಾತ್ಮ.

ಬೆಳ್ಳಿಗೆಜ್ಜೆ
@ಕಟಕಟೆ ಸಾರ್, ಬ್ಯಾಂಕಿಗೆ ಪತ್ರ ಕನ್ನಡದಲ್ಲಿ ಕೊಟ್ಟರೆ ತಗೋತಾರಾ? ಮ್ಯಾನೇಜರ್ ಕನ್ನಡದವರಲ್ಲ. ಸೀಲ್ ಹಾಕಿಕೊಡಿ ಅಂದ್ರೂ ಆಮೇಲೆ ಬನ್ನಿ ಅಂತಾರೆ.

ಕಟಕಟೆ
ಕನ್ನಡದಲ್ಲೇ ಕೊಡಿ, ಅಮ್ಮನ ಸಹಿ ಇರಲಿ. ತಗೊಳ್ಳದಿದ್ದರೆ ಬ್ರಾಂಚಿಗೂ ಅವರ ಪಿಂಚಣಿ ಕೇಂದ್ರಕ್ಕೂ ಒಂದೊಂದು ಅಂಚೆಯಲ್ಲಿ ಹಾಕಿ.

ನಿವೃತ್ತಗುಮಾಸ್ತ
ರಿಜಿಸ್ಟರ್ಡ್ ಪೋಸ್ಟ್ ಮಾಡಮ್ಮ, ಅದೇ ಗಟ್ಟಿ.

ಮಿಸ್ಡ್‌ಕಾಲ್
ಅಂಕಲ್, ರಿಜಿಸ್ಟರ್ಡ್ ಪೋಸ್ಟನ್ನ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟರು. ಈಗ ಸ್ಪೀಡ್ ಪೋಸ್ಟೇ ಮಾಡಬೇಕು. ರಸೀದಿ ನಂಬರ್ ಹಾಕಿದರೆ ತಲುಪಿದ್ದು ಫೋನಲ್ಲೇ ಕಾಣುತ್ತೆ, ಅದರ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ನಿವೃತ್ತಗುಮಾಸ್ತ
ಅದನ್ನೂ ತೆಗೆದುಬಿಟ್ರಾ! ಸರಿ, ಸ್ಪೀಡ್ ಪೋಸ್ಟ್ ಮಾಡಮ್ಮ. ಪಿಪಿಒ ನಂಬರ್ ಪತ್ರದ ಮೇಲ್ಗಡೆ ದಪ್ಪಕ್ಕೆ ಬರಿ, ಇಲ್ಲದಿದ್ದರೆ ಅಲ್ಲಿ ಯಾರೂ ಹುಡುಕಲ್ಲ.